ಅಕ್ಕನ ಕಾರಿಗೊಂದು ಕ್ಲಾಸು

ನಮ್ಮಕ್ಕ ದುಡಿಮೆಯ ಬದುಕನ್ನೆಲ್ಲ ಪಕ್ಕದ ಸೀಟಿನಲ್ಲೇ ಕಳೆದವಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವಳ ಕೆಲಸ. ಕಲಿಯುವವರು ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರೆ, ಇವಳು ಪಕ್ಕದಲ್ಲಿ ಕುಳಿತು ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, "ನಿಧಾನ, ನಿಧಾನ, ಆ ತಾತ ಇನ್ನೂ ರಸ್ತೆ ದಾಟ್ತಿದ್ದಾರೆ" ಎನ್ನುತ್ತಿದ್ದಳು. ಊರಿನಲ್ಲಿ ಬಹಳ ಜನಕ್ಕೆ ಅವಳ ಹೆಸರು ಗೊತ್ತಿಲ್ಲ, ಬ್ರೇಕ್ ಮೇಡಂ ಎಂದರೆ ಗೊತ್ತು. ಬ್ಯಾಂಕಿನಲ್ಲೋ ಔಷಧಿ ಅಂಗಡಿಯಲ್ಲೋ ಹಳೆಯ ಶಿಷ್ಯರು ಸಿಕ್ಕರೆ ನಕ್ಕು, ಬಲಗಾಲನ್ನು ನೆಲಕ್ಕೆ ಒತ್ತಿ ತೋರಿಸುತ್ತಿದ್ದರು.

ಸ್ಕೂಲಿಗೆ ಹೊಸ ಕಾರುಗಳು ಬಂದಾಗ ಅವಳು ಅಷ್ಟು ವರ್ಷ ಕುಳಿತಿದ್ದ ಚಿಕ್ಕ ಕಾರು ಗುಜರಿಗೆ ಹೊರಟು ನಿಂತಿತ್ತು. ಅಕ್ಕ ಅದನ್ನು ತಾನೇ ಓಡಿಸಿಕೊಂಡು ಮನೆಗೆ ತಂದಳು. ತಮ್ಮ ಕನ್ನಡಕದ ಅಂಗಡಿಯಿಂದ ಆಗಷ್ಟೇ ಬಂದಿದ್ದ ಭಾವ ಗೇಟಿನಲ್ಲೇ ನಿಂತುಬಿಟ್ಟರು.

"ಇದನ್ನ ಎಲ್ಲಿ ನಿಲ್ಲಿಸ್ತೀಯ?"

"ನಿಮ್ಮ ಕಾರು ನಿಲ್ತಿತ್ತಲ್ಲ, ಅಲ್ಲಿ."

"ನನ್ನ ಕಾರು?"

"ಅದಕ್ಕಿನ್ನೂ ವಯಸ್ಸಿದೆ. ಆಚೆ ಮಲಗ್ಲಿ."

ಊರಾಚೆ ಒಂದು ರೇಸ್ ಟ್ರ್ಯಾಕ್ ಇದೆ. ಅಲ್ಲಿನ ಕ್ಲಬ್ಬಿನವರು ಹವ್ಯಾಸಿಗಳಿಗೆಂದು ಆಗಾಗ ರೇಸು ನಡೆಸುತ್ತಾರೆ. ಅದಕ್ಕೆ ಇಳಿಯುತ್ತೇನೆ ಎಂದು ಅಕ್ಕ ಹೇಳಿದಾಗ ನಾನು ತಮಾಷೆ ಎಂದುಕೊಂಡೆ. ಅವಳು ನಗಲಿಲ್ಲ. "ಒಂದೇ ಒಂದು ಸಲ, ಯಾರಿಗೂ ನಿಧಾನ ಅಂತ ಹೇಳ್ದೆ ಕಾರು ಓಡಿಸ್ಬೇಕು ಕಣೋ" ಎಂದಳು. ಐವತ್ತು ದಾಟಿದ ಹೆಂಗಸು ಹೀಗೆ ಹೇಳಿದರೆ ತಮ್ಮನಾದವನು ಏನು ತಾನೇ ಹೇಳಿಯಾನು? ಹೆಲ್ಮೆಟ್ ಹಿಡಿದುಕೊಂಡು ಹಿಂದೆ ಹೋದೆ.

ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿ ಹಿಂದಿನ ಸೀಟು ಕಿತ್ತರು, ಕಾರು ಮಗುಚಿದರೆ ತಲೆ ಉಳಿಯಲಿ ಎಂದು ಒಳಗೆ ಕಬ್ಬಿಣದ ಕೊಳವೆಗಳ ಚೌಕಟ್ಟು ಕೂರಿಸಿದರು, ಬೆಲ್ಟು ಬದಲಾಯಿಸಿದರು. ಅಲ್ಲಿಗೆ ಕಾರು ಸಿದ್ಧವಾಯಿತು. ಆದರೆ ರೇಸಿನಲ್ಲಿ ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಪ್ರತಿ ಕಾರೂ ಯಾವುದಾದರೊಂದು ಕ್ಲಾಸಿಗೆ ಸೇರಬೇಕು. ಕ್ಲಬ್ಬಿನ ಕಾರ್ಯದರ್ಶಿ ಮೇಜಿನ ಹಿಂದಿನಿಂದ "ಇಂಜಿನ್ ಎಷ್ಟು ದೊಡ್ಡದು ಮೇಡಂ?" ಎಂದು ಕೇಳಿದರು. ಅಕ್ಕ ಹೇಳಿದಳು. ಆ ಅಳತೆಯ ಇಂಜಿನ್ನಿನ ಕ್ಲಾಸಿಗೆ ಅವಳ ಕಾರು ಸೇರಿತು.

ತೊಂದರೆ ಶುರುವಾದದ್ದು ಅಲ್ಲೇ. ಅಳತೆ ಒಂದೇ ಆದರೂ ಈಗಿನ ಇಂಜಿನ್ನುಗಳ ಕಸುವೇ ಬೇರೆ. ಹಸಿರು ದೀಪ ಬಿದ್ದದ್ದೇ ತಡ, ಉಳಿದವರು ಕಣ್ಣಿಗೆ ಕಾಣದಂತೆ ಹೋದರು. ಸ್ವಲ್ಪ ಹೊತ್ತಿಗೆ ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದರು. ತಿರುವು ತಿರುವಿನಲ್ಲೂ ಅಕ್ಕನಿಗೆ ನೀಲಿ ಬಾವುಟ: ಹಿಂದೆ ವೇಗದ ಕಾರಿದೆ, ದಾರಿ ಬಿಡು. ಇಡೀ ಸೀಸನ್ ಹೀಗೇ ಆಯಿತು.

"ನಾನು ರೇಸ್ ಮಾಡ್ತಿಲ್ಲ ಕಣೋ, ಕನ್ನಡಿ ನೋಡ್ಕೊಂಡು ಕೂತಿದೀನಿ" ಎಂದಳು ಒಂದು ದಿನ ಗ್ಲೌಸು ಕಳಚುತ್ತ. "ಆ ಕೆಲಸ ವಾರವಿಡೀ ಮಾಡ್ತೀನಲ್ಲ, ಅದಕ್ಕೆ ಇಲ್ಲೀ ತನಕ ಬರ್ಬೇಕಾ?"

ದೊಡ್ಡ ಇಂಜಿನ್ ಕೂರಿಸೋಣ ಎಂದರು ಮೇಸ್ತ್ರಿ. ಅಕ್ಕ ಬೇಡವೆಂದು ತಲೆಯಾಡಿಸಿಬಿಟ್ಟಳು. ಇಂಜಿನ್ ದೊಡ್ಡದಾದರೆ ಗೇರ್‌ಬಾಕ್ಸ್ ತಡೆಯುವುದಿಲ್ಲ, ಅದನ್ನು ಬದಲಿಸಿದರೆ ಬ್ರೇಕು ಸಾಲುವುದಿಲ್ಲ. "ಗುಂಡಿ ಹಾಕಿಸೋಕೆ ಹೋಗಿ ಅಂಗೀನೇ ಹೊಸದಾಗಿ ಹೊಲಿಸ್ದಂಗಾಗತ್ತೆ ಮೇಸ್ತ್ರಿ. ಅಷ್ಟೆಲ್ಲ ಆದ್ಮೇಲೆ ಇನ್ನೂ ದೊಡ್ಡ ಕ್ಲಾಸಿಗೆ ಹಾಕ್ತಾರೆ. ಅಲ್ಲೂ ನಾನೇ ಕೊನೆ."

ಇಷ್ಟು ದಿನ ಮೂಗು ಮುರಿಯುತ್ತಿದ್ದ ಭಾವನಿಗೆ ಒಳಗೊಳಗೇ ಹೆಂಡತಿಯ ಸೋಲು ಸಹಿಸಲಾಗುತ್ತಿರಲಿಲ್ಲ. ಅವರೇ ಕ್ಲಬ್ಬಿನವರನ್ನು ವಿಚಾರಿಸಿ ಬಂದು, ಹಳೆ ಕಾರುಗಳದ್ದೇ ಒಂದು ಕ್ಲಾಸಿದೆ, ಅದಕ್ಕೆ ಸೇರುವವರು ತೀರ ಕಡಿಮೆ ಎಂದು ಹುರುಪಿನಿಂದ ಹೇಳಿದರು. ಅಕ್ಕ ಸೇರಿದಳು. ರೇಸಿನ ದಿನ ಆ ಕ್ಲಾಸಿನಲ್ಲಿ ಅವಳ ಜೊತೆಗೆ ಇದ್ದದ್ದು ಒಂದೇ ಕಾರು, ಅದೂ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗಲಿಲ್ಲ. ಬೇರೆ ಕ್ಲಾಸುಗಳ ಕಾರುಗಳ ಬಾಲ ಹಿಡಿದು ಅಕ್ಕ ಒಬ್ಬಳೇ ಸುತ್ತಿ ಬಂದಳು. ಗೆದ್ದವರಿಗೆ ಕೊಡುವ ಕಪ್ಪು ಕೈಗಿಟ್ಟರು. ಭಾವ ಅದನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ, ತಂಪು ಕನ್ನಡಕಗಳ ನಡುವೆ ಇಟ್ಟು ಬಂದವರಿಗೆಲ್ಲ ತೋರಿಸಿದರು.

"ತೆಗೀರಿ ಅದನ್ನ" ಎಂದಳು ಅಕ್ಕ.

"ಯಾಕೆ? ಗೆದ್ದಿದ್ದು ಸುಳ್ಳಾ?"

"ಯಾರನ್ನ ಸೋಲಿಸಿದ್ರಿ ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ? ಗಾಳೀನಾ?"

ಮುಂದಿನ ರೇಸಿಗೆ ಅವಳು ಕಾರು ತರಲಿಲ್ಲ. ಮಡಚುವ ಕುರ್ಚಿ ತಂದಳು. ಬೇಲಿಯ ಬಳಿ, ದೊಡ್ಡ ತಿರುವು ಕಾಣುವ ಕಡೆ ಅದನ್ನು ಹಾಕಿಕೊಂಡು, ಸೆರಗಿನಂತೆ ತಲೆಗೊಂದು ಟವೆಲ್ ಹೊದ್ದು ಬೆಳಗಿನಿಂದ ಕುಳಿತಳು. ನಾನು ಮುಂದೆ ಹೋಗುತ್ತಿದ್ದ ಕೆಂಪು ಕಾರನ್ನು ನೋಡಿ ಕುಣಿಯುತ್ತಿದ್ದರೆ ತಲೆಗೊಂದು ಮೊಟಕಿದಳು.

"ಮುಂದಿರೋರನ್ನ ಯಾಕೋ ನೋಡ್ತೀಯ? ನಾನು ಅಲ್ಲಿರಲ್ಲ. ನಡುವೆ ನೋಡು."

ನಡುವೆ ಏನು ನಡೆಯುತ್ತಿದೆ ಎಂದು ನಾನು ಮೊದಲ ಸಲ ನೋಡಿದ್ದು ಆಗ. ಲ್ಯಾಪ್ ಟೈಮಿನ ಕ್ಲಾಸುಗಳು ಓಡುತ್ತಿದ್ದವು. ಅಲ್ಲಿ ಇಂಜಿನ್ ಎಷ್ಟು ದೊಡ್ಡದು, ಕಾರು ಎಷ್ಟು ಹಳೆಯದು ಎಂದು ಯಾರೂ ಕೇಳುವುದಿಲ್ಲ. ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದೇ ಹೊತ್ತು ತೆಗೆದುಕೊಳ್ಳುವವರನ್ನೆಲ್ಲ ಒಂದು ಗುಂಪು ಮಾಡುತ್ತಾರೆ. ಪ್ರತಿ ಗುಂಪಿಗೂ ಒಂದು ಮಿತಿ. ಅದಕ್ಕಿಂತ ಬೇಗ ಸುತ್ತು ಮುಗಿಸಿದರೆ ಅವತ್ತಿನ ಫಲಿತಾಂಶದಿಂದ ಹೊರಗೆ. ಮುಂದೆ ಹೋದ ಕಾರು ಒಬ್ಬಂಟಿಯಾಗಿ ಓಡುತ್ತಿದ್ದರೆ, ಹಿಂದೆ ಒಂದು ಹಳೆ ಟ್ಯಾಕ್ಸಿ, ಒಂದು ಅಗಲವಾದ ಫ್ಯಾಮಿಲಿ ಕಾರು, ನಮ್ಮದರಂಥದೇ ಎರಡು ಪುಟ್ಟ ಕಾರುಗಳು ಒಂದಕ್ಕೊಂದು ಮೈ ತಾಗಿಸುವಷ್ಟು ಹತ್ತಿರದಲ್ಲಿ ಕಿತ್ತಾಡುತ್ತಿದ್ದವು. ಅಕ್ಕನ ಬಲಗಾಲು ನೆಲದ ಮೇಲೆ ತಾನಾಗಿಯೇ ಒತ್ತುತ್ತ ಬಿಡುತ್ತ ಇತ್ತು.

ಸಂಜೆ ಕಾರ್ಯದರ್ಶಿಯ ಮೇಜಿಗೆ ಹೋದಳು. ಆಕೆ ಅಕ್ಕನ ಹಳೆಯ ಟೈಮುಗಳನ್ನು ನೋಡಿ, "ಎಲ್ಲಕ್ಕಿಂತ ನಿಧಾನದ ಗುಂಪಿಗೆ ಸೇರಿ ಮೇಡಂ. ಅಲ್ಲಾದ್ರೆ ನಿಮಗೆ ಪ್ರತಿ ಸಲ ಕಪ್ಪು" ಎಂದರು.

"ಅಲ್ಲಿ ನಾನು ಪೂರ್ತಿ ಓಡಿಸಿದ್ರೆ?"

ಕಾರ್ಯದರ್ಶಿ ಯೋಚಿಸಿದರು. "ಮಿತಿ ದಾಟ್ಬಹುದು. ಸ್ವಲ್ಪ ಕಾಲು ಸಡಿಲ ಬಿಡ್ಬೇಕಾಗತ್ತೆ."

"ಅಂದ್ರೆ ನನಗೆ ನಾನೇ ನಿಧಾನ ಅಂತ ಹೇಳ್ಕೋಬೇಕು. ಬೇಡಮ್ಮ, ಅದಕ್ಕಿಂತ ಮೇಲಿನ ಗುಂಪಿಗೆ ಬರ್ಕೊಳ್ಳಿ."

"ಅಲ್ಲಿ ಗೆಲ್ಲೋದು ಕಷ್ಟ."

"ಗೆಲ್ಲೋದು ಹಾಗಿರ್ಲಿ. ಜೊತೆಗೆ ಓಡೋರು ಇದ್ದಾರಲ್ಲ, ಅಷ್ಟು ಸಾಕು."

ಆ ಗುಂಪಿನ ಮೊದಲ ರೇಸನ್ನು ನಾನು ಮರೆಯಲಾರೆ. ಬೇಕರಿ ನಡೆಸುವವರೊಬ್ಬರು ಆ ಅಗಲವಾದ ಫ್ಯಾಮಿಲಿ ಕಾರಿನ ಮಾಲೀಕರು. ನೇರ ರಸ್ತೆಯಲ್ಲಿ ಅವರ ಕಾರು ಅಕ್ಕನದನ್ನು ನುಂಗಿಹಾಕುತ್ತಿತ್ತು. ತಿರುವಿನಲ್ಲಿ ಅಕ್ಕ ಒಳಗಿನಿಂದ ನುಸುಳಿ ಮುಂದೆ ಬರುತ್ತಿದ್ದಳು. ಪ್ರತಿ ಸುತ್ತೂ ಇದೇ ಜಟಾಪಟಿ. ಭಾವ ಉಗುರು ಕಚ್ಚುವುದು ಮುಗಿಸಿ ನನ್ನ ತೋಳು ಹಿಡಿದುಕೊಂಡಿದ್ದರು. ಕೊನೆಯ ಸುತ್ತಿನಲ್ಲಿ ದೊಡ್ಡ ತಿರುವಿಗೆ ಇಬ್ಬರೂ ಅಕ್ಕಪಕ್ಕ ಬಂದರು. ಬೇಕರಿಯವರ ಬ್ರೇಕ್ ದೀಪ ಹತ್ತಿತು. ಅಕ್ಕನದು ಹತ್ತಲಿಲ್ಲ. "ಹೋಯ್ತು, ಹೋಯ್ತು" ಎಂದು ಭಾವ ಕಣ್ಣು ಮುಚ್ಚಿಕೊಂಡರು. ಆಮೇಲೆ ಹತ್ತಿತು. ಕಾರು ಮೂತಿ ತಗ್ಗಿಸಿ, ಹಿಂಭಾಗ ತುಸು ಅಲುಗಿಸಿ, ತಿರುವನ್ನು ಅಪ್ಪಿಕೊಂಡು ಬೇಕರಿಯವರಿಗಿಂತ ಮುಂದೆ ಹೊರಬಂತು.

ಅವಳಿಗೆ ಬಂದದ್ದು ಆರನೇ ಸ್ಥಾನ. ಬೇಕರಿಯವರು ಏದುಸಿರು ಬಿಡುತ್ತ ಬಂದು ಕೇಳಿದರು: "ಮೇಡಂ, ನೀವು ಬ್ರೇಕೇ ಹಾಕಲ್ವಾ?"

"ಹಾಕ್ತೀನಿ. ನೀವು ಹಾಕಿದ್ಮೇಲೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ಕೆಂಪಾದ, ಅಷ್ಟು ಗೆಲುವಾದ ಮುಖವನ್ನು ನಾನು ಅಕ್ಕನಲ್ಲಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅದಾಗಿ ವರ್ಷಗಳಾದವು. ಒಮ್ಮೆ ಮೂರನೆಯವಳಾಗಿ ಬಂದಳು, ಹಲವು ಸಲ ಏಳನೆಯವಳು, ಎಂಟನೆಯವಳು. ಹಳೆ ಕಾರು ಇಟ್ಟುಕೊಂಡ ಹೊಸಬರು ಈಗ ಯಾವ ಕ್ಲಾಸು ಎಂದು ಅವಳನ್ನು ಕೇಳಲು ಬರುತ್ತಾರೆ. ಅವಳು ಕಾರಿನ ವಿಷಯ ಎತ್ತುವುದಿಲ್ಲ, ಮಡಚುವ ಕುರ್ಚಿ ಕೊಟ್ಟು ಬೇಲಿಯ ಬಳಿ ಕಳಿಸುತ್ತಾಳೆ.

ಈ ವರ್ಷ ಕಾರು ಸೊರಗಿದೆ. ಟೈಮುಗಳು ಜಾರುತ್ತ ಬಂದು ಅದು ತನ್ನ ಗುಂಪಿನ ಬಾಲಕ್ಕೆ ಸೇರಿತು, ನೀಲಿ ಬಾವುಟ ಮತ್ತೆ ಕಾಣಿಸಿತು. ಅಕ್ಕ ಬೇಸರಪಡುತ್ತಾಳೇನೋ ಎಂದು ನಾನೂ ಭಾವನೂ ಮುಖ ಮುಖ ನೋಡಿಕೊಂಡೆವು. ಅವಳು ತಾನೇ ಕಾರ್ಯದರ್ಶಿಯ ಬಳಿ ಹೋಗಿ ನಿಧಾನದ ಗುಂಪಿಗೆ ಬರೆಸಿ ಬಂದಳು. "ಈಗ ಕಾಲು ಸಡಿಲ ಬಿಡ್ಬೇಕಾಗಿಲ್ಲ. ಪೂರ್ತಿ ಒತ್ತಿದ್ರೂ ಮಿತಿ ದಾಟಲ್ಲ" ಎಂದಳು, ಸಿಹಿ ಸುದ್ದಿ ಹೇಳುವವಳ ಹಾಗೆ.

ಅಲ್ಲಿ ಅವಳಿಗೆ ಹೊಸ ಜೊತೆ ಸಿಕ್ಕಿದೆ: ನಿವೃತ್ತರಾದ ಒಬ್ಬ ಅಂಚೆಯವರು, ತಮ್ಮ ಹಳೆ ಕಾರನ್ನು ಮಗುವಿನಂತೆ ನೋಡಿಕೊಳ್ಳುವವರು. ಮೊನ್ನೆ ಇಬ್ಬರೂ ಇಡೀ ರೇಸು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡೇ ಓಡಿದರು. ಮುಗಿದ ಮೇಲೆ ಅಕ್ಕ ಕಾರಿನಿಂದ ಇಳಿಯುವ ಮೊದಲೇ ಭಾವ ನೀರಿನ ಬಾಟಲಿ ಹಿಡಿದು ಓಡಿದರು. "ಮೊದ್ಲು ಅವರಿಗೆ ಕೊಡಿ, ಮುಂದಿನ ಸಲಾನೂ ನನ್ನ ಜೊತೆ ಓಡ್ಬೇಕಲ್ಲ" ಎಂದು ಅಕ್ಕ ಅಂಚೆಯವರತ್ತ ಕೈ ತೋರಿಸಿ ನಕ್ಕಳು.