ಜಗುಲಿಯಿಲ್ಲದೆ ಹತ್ತಲಾರದ ಸೈಕಲ್ಲು

ಅದು ತೊಂಬತ್ತರ ದಶಕ. ಊರೂರಲ್ಲೂ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ ಕಾಲ. ಜಾವಗಲ್‌ನಲ್ಲಿ ಬಟ್ಟೆ ಹೊಲಿಯುತ್ತಿದ್ದ ನಾನೂ ಸಂಜೆ ಪಾಠ ಹೇಳಲು ಹೋಗುತ್ತಿದ್ದೆ. ಒಮ್ಮೆ ಹೆಂಗಸರೆಲ್ಲ ಸೇರಿ ಹಳೇಬೀಡಿಗೆ ಸೈಕಲ್ ಜಾಥಾ ಹೋಗುವುದೆಂದಾಯಿತು. ಸೈಕಲ್ ಕಲಿತು ತಿಂಗಳೂ ಆಗಿರದ ನಾನು ಹುಮ್ಮಸ್ಸಿನಲ್ಲಿ ಹೆಸರು ಕೊಟ್ಟುಬಿಟ್ಟೆ.

ನನ್ನ ಕಷ್ಟ ಜೊತೆಯವರಿಗೆ ಗೊತ್ತಿರಲಿಲ್ಲ. ತುಳಿಯಲು ಬರುತ್ತಿತ್ತು, ಇಳಿಯಲು ಹೇಗೋ ಬರುತ್ತಿತ್ತು. ಹತ್ತಲು ಮಾತ್ರ ನಮ್ಮ ಮನೆ ಜಗುಲಿಯೇ ಬೇಕು! ಬಯಲಲ್ಲಿ ಇಳಿದರೆ ಮುಗಿಯಿತು, ಮತ್ತೆ ಹತ್ತಲಾರೆ. ಕೈಲಾಗದವರನ್ನು ಕೂರಿಸಿಕೊಳ್ಳಲು ಹಿಂದೆ ಒಂದು ಟೆಂಪೋ ಬರುತ್ತಿತ್ತು. "ಟೆಂಪೋದಾಗೆ ಕೂತ್ಕೊಂಡು ಬತ್ತೀಯ ಬಿಡು" ಎಂದು ನಮ್ಮ ಯಜಮಾನರು ಬೆಳಿಗ್ಗೆಯೇ ನಕ್ಕಿದ್ದರು. ಅದನ್ನೇನಾದರೂ ಹತ್ತಿದ್ದರೆ ನಾನು ಮತ್ತೆ ಸೈಕಲ್ ಮುಟ್ಟುತ್ತಿರಲಿಲ್ಲ.

ಹುಣಸೆಮರದ ನೆರಳಲ್ಲಿ ಎಲ್ಲರೂ ನೀರು ಕುಡಿಯಲು ಇಳಿದರು. ನನಗೂ ಗಂಟಲು ಒಣಗಿತ್ತು. ಆದರೂ ಬೆಲ್ ಹೊಡೆಯುತ್ತಾ ಮುಂದೆ ಹೋಗಿಬಿಟ್ಟೆ. "ಅಬ್ಬಾ, ಏನ್ ಗಟ್ಟಿ ಹೆಂಗ್ಸು ಕಣ್ರೀ!" ಎಂದು ಯಾರೋ ಅಂದರು. ನನಗೋ ಅಳುವೇ ಬರುತ್ತಿತ್ತು.

ಸ್ವಲ್ಪ ದೂರದಲ್ಲಿ ಕುರಿಹಿಂಡು ಅಡ್ಡ ಬಂತು. ಇಳಿಯಲೇಬೇಕಾಯಿತು. ಕುರಿಗಳೆಲ್ಲ ದಾಟಿ ಹೋದರೂ ನಾನು ಸೈಕಲ್ ಹಿಡಿದು ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಜಾಥಾದ ಮುಂದಾಳು, ಅರಸೀಕೆರೆಯ ನರ್ಸ್ ಜಯಮ್ಮ, ಬಂದು ನಿಂತರು.

"ಯಾಕ್ರೀ, ಪಂಚರ್ರಾ?"

"ಇಲ್ಲಕ್ಕಾ... ನಂಗೆ ಹತ್ತೋಕೆ ಬರಲ್ಲ. ಜಗುಲಿ ಬೇಕು." ಹೇಳುತ್ತಾ ಅತ್ತೇಬಿಟ್ಟೆ.

ಅವರು ನಗಲಿಲ್ಲ. ಟೆಂಪೋವನ್ನೂ ಕರೆಯಲಿಲ್ಲ. "ಅಷ್ಟೇನಾ? ಅಗೋ, ಅಲ್ಲಿ ಮೋರಿ ಕಟ್ಟೆ ಐತೆ. ತಳ್ಕೊಂಡು ಹೋಗಾಣ ಬನ್ನಿ" ಎಂದು ತಾವೂ ಇಳಿದು ನನ್ನ ಜೊತೆ ನಡೆದರು. ಆ ಕಟ್ಟೆ ಏರಿ ನಾನು ಸೈಕಲ್ ಹತ್ತಿದೆ.

ಆಮೇಲೆ ಅವರು ಜಾಥಾ ನಿಲ್ಲಿಸಿದ್ದೆಲ್ಲ ರಸ್ತೆಯ ಮೋರಿ ಕಟ್ಟೆಗಳ ಹತ್ತಿರವೇ. "ಮರ ಬಿಟ್ಟು ಬಿಸ್ಲಲ್ಲಿ ಯಾಕ್ ನಿಲ್ಲಿಸ್ತೀರಕ್ಕಾ?" ಎಂದು ಹುಡುಗಿಯರು ಗೊಣಗಿದರೆ, "ನಂಗೆ ಮಂಡಿ ನೋವು ಕಣ್ರಮ್ಮಾ, ಕೂರೋಕೆ ಕಟ್ಟೆ ಬೇಕು" ಎನ್ನುತ್ತಿದ್ದರು. ನಾನೂ ಅರ್ಧ ನಂಬಿದೆ. ಹೊಟ್ಟೆ ತುಂಬ ನೀರು ಕುಡಿದು, ಕಟ್ಟೆಯಿಂದ ಜಂಬವಾಗಿ ಹತ್ತುತ್ತಿದ್ದೆ.

ಹಳೇಬೀಡಿನಲ್ಲಿ ಹಾಡು, ಭಾಷಣ ಎಲ್ಲ ಮುಗಿದ ಮೇಲೆ ಜಯಮ್ಮ ನನ್ನನ್ನು ಕೆರೆ ಏರಿಯ ಮೇಲೆ ಕರೆದೊಯ್ದು, ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡರು. "ಎಡಗಾಲು ಪೆಡಲ್ ಮೇಲಿಡಿ. ಬಲಗಾಲಲ್ಲಿ ನೆಲ ಒದ್ದು ಕೂತ್ಕೊಳ್ಳಿ."

ಎಷ್ಟೋ ಸಲ ವಾಲಿದೆ. ಕೊನೆಗೊಮ್ಮೆ ಕೂತೇಬಿಟ್ಟೆ! ಜಯಮ್ಮ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಓಡಿ ಬಂದರು.

"ಅಕ್ಕಾ, ನಿಮ್ ಮಂಡಿ?"

"ಸುಮ್ನೆ ಮುಂದೆ ನೋಡ್ಕೊಂಡು ತುಳೀರಿ!"

ಸಂಜೆ ಜಗುಲಿಯಲ್ಲಿ ಕೂತಿದ್ದ ಯಜಮಾನರ ಎದುರು ಇಳಿದು, ಬಯಲಲ್ಲೇ ಮತ್ತೆ ಹತ್ತಿ ಬೀದಿಯಲ್ಲೊಂದು ಸುತ್ತು ಹಾಕಿದೆ. ಅವರು ಎದ್ದು ಬೀದಿಗೇ ಬಂದು ನೋಡಿದರು.

ಈಗ ನನಗೇ ಮಂಡಿ ನೋವು, ಸೈಕಲ್ ಬಿಟ್ಟಿದ್ದೇನೆ. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ಮೋರಿ ಕಟ್ಟೆ ಕಂಡರೆ ಕಣ್ಣು ತುಂಬಿ ಬರುತ್ತದೆ. ಮಂಡಿ ನೋವಿದ್ದವರು ಹಾಗೆ ಓಡಲಾರರು ಎಂಬುದು ಈಗ ನನಗೆ ಚೆನ್ನಾಗಿ ಗೊತ್ತು.