ಕ್ರಿಸ್ಟಲ್ ಕಾಲಿಗೆ ತಗುಲಿದ ವಿಭೂತಿ

ನಮ್ಮ ಯಜಮಾನರು ಓಂಕಾರಪ್ಪನವರ ಹಣೆಯ ಮೇಲೆ ವಿಭೂತಿ ಇಲ್ಲದ ಬೆಳಗನ್ನು ಮೂವತ್ತೆಂಟು ವರ್ಷ ನಾನು ನೋಡಿರಲಿಲ್ಲ. ಜ್ವರ ಬಂದು ಮಲಗಿದರೂ ಕೈ ಚಾಚಿ ಗಟ್ಟಿ ತರಿಸಿಕೊಂಡು ಹಚ್ಚಿಕೊಳ್ಳುವ ಮನುಷ್ಯ. ಈಗ ಎರಡು ತಿಂಗಳಾಯಿತು, ಹಚ್ಚುತ್ತಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ.

ಭದ್ರಾವತಿಯ ಕಾರ್ಖಾನೆಯಲ್ಲಿ ಮೀಟರು, ಗೇಜು ರಿಪೇರಿ ಮಾಡಿ ನಿವೃತ್ತರಾದವರು ಅವರು. ಆಮೇಲಾದರೂ ಸುಮ್ಮನೆ ಕೂರಬಾರದೇ? ನನ್ನ ಊಟದ ಮೇಜನ್ನೇ ಕಬ್ಜಾ ಮಾಡಿಕೊಂಡರು. ಶಿವಮೊಗ್ಗದ ಸಣ್ಣ ಫ್ಯಾಕ್ಟರಿಗಳಿಂದ ಕೆಟ್ಟ ಎಲೆಕ್ಟ್ರಾನಿಕ್ ಕಾರ್ಡುಗಳು ಬರತೊಡಗಿದವು. ಸಾರಿನ ಪಾತ್ರೆಯ ಪಕ್ಕದಲ್ಲಿ ಸೋಲ್ಡರಿಂಗ್ ಕಡ್ಡಿ ಹೊಗೆಯಾಡುತ್ತಿತ್ತು. ನಾನು ಬೈಯುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಅವರು ಸ್ವಂತ ತಲೆಯಿಂದ ಮಾಡಿದ್ದು ಒಂದೇ ಒಂದು ಕಾರ್ಡು. ವೀರೇಂದ್ರ ಎಂಬವರ ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಹಳೆಯ ಪ್ರೆಸ್ ಇದೆ. ಅದರ ಒಂಬತ್ತು ಕಾರ್ಡುಗಳೂ ಒಂದೇ ತಂತಿಸಾಲಿನ ಮೇಲೆ ಮಾತಾಡಬೇಕು. ಆ ಸಾಲಿಗೆ ಬಸ್ ಎನ್ನುತ್ತಾರೆ. ಎರಡು ಕಾರ್ಡು ಒಟ್ಟಿಗೆ ಬಾಯಿ ಹಾಕಿದರೆ ಯಾರ ಮಾತೂ ತಲುಪುವುದಿಲ್ಲ, ನಮ್ಮ ಬೀಗರ ಮನೆ ಪಂಚಾಯ್ತಿ ಹಾಗೆ. ಇವರ ಕಾರ್ಡು ಎಲ್ಲರಿಗೂ ಸರದಿ ಕೊಡುತ್ತಿತ್ತು. ಸೆಕೆಂಡಿಗೆ ನೂರು ಸುತ್ತು. ಲೆಕ್ಕ ತಪ್ಪದಂತೆ ತಾಳ ಹಾಕುವುದು ಅದರ ಮೇಲಿದ್ದ ಕ್ರಿಸ್ಟಲ್ ಎಂಬ, ಎರಡು ತಂತಿಗಾಲಿನ ಬೆಳ್ಳಿಬಣ್ಣದ ಸಣ್ಣ ಡಬ್ಬಿ.

ಮೊದಮೊದಲು ಕ್ರಿಸ್ಟಲ್ ಕೈಕೊಟ್ಟಾಗ ಪ್ರೆಸ್ಸೇ ನಿಂತುಬಿಡುತ್ತಿತ್ತು. "ಪದೇ ಪದೇ ನಿಂತ್ರೆ ಹೆಂಗೆ ಓಂಕಾರಪ್ಪನೋರೆ? ಆರ್ಡರ್ ಕೈತಪ್ಪುತ್ತೆ" ಎಂದು ವೀರೇಂದ್ರ ಗೋಗರೆದರು. ಇವರು ಕಾರ್ಡನ್ನು ತಿದ್ದಿದರು. ಕ್ರಿಸ್ಟಲ್ ನಿಂತರೆ ಒಳಗಿನ ಇನ್ನೊಂದು ಮಂದಗತಿಯ ಗಡಿಯಾರ ಕೆಲಸ ಹಿಡಿದುಕೊಳ್ಳುತ್ತದೆ, ಪ್ರೆಸ್ ಮಾತ್ರ ನಿಲ್ಲುವುದಿಲ್ಲ. ಆ ದಿನ ಫ್ಯಾಕ್ಟರಿಯಲ್ಲಿ ಇವರಿಗೆ ಶಾಲು ಹೊದಿಸಿದರು. ಅಯ್ಯೋ, ಆ ಶಾಲು ನೋಡಿದರೆ ಈಗ ಹೊಟ್ಟೆ ಉರಿಯುತ್ತದೆ.

ಪ್ರತಿವರ್ಷ ಆಯುಧಪೂಜೆಗೆ ಇವರನ್ನು ಕರೆಯುತ್ತಿದ್ದರು. ಕಾರ್ಡು ಕೂರಿಸಿದ್ದ ಪೆಟ್ಟಿಗೆಯ ಹೊರಗೆ ವಿಭೂತಿ ಹಚ್ಚಿ ಕಾಯಿ ಒಡೆದು ಬರುತ್ತಿದ್ದರು. ಈ ಸಲ ಧೂಳು ಒರೆಸಲೆಂದು ಪೆಟ್ಟಿಗೆ ತೆರೆದಿತ್ತು. ಸ್ವಂತ ಕೂಸಲ್ಲವೇ, ಪ್ರೀತಿ ಉಕ್ಕಿತು. ನೀರಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಕಾರ್ಡಿನ ಮೇಲೇ ಎಳೆದುಬಿಟ್ಟರು.

ಪೂಜೆಯಾದ ಆರನೆಯ ದಿನ ಮಳೆ. ಗಾಳಿಯೆಲ್ಲ ತೇವ. ಅವತ್ತು ಮಧ್ಯಾಹ್ನ ಪ್ರೆಸ್ಸಿನಲ್ಲಿ ಹುಲಿಗೆಮ್ಮನ ಬಲಗೈಯ ಮೂರು ಬೆರಳು ಹೋದವು.

ಹುಲಿಗೆಮ್ಮ ನಮ್ಮ ಭದ್ರಾವತಿಯವಳೇ. ಹನ್ನೊಂದು ವರ್ಷದ ಅನುಭವ. ಪ್ರೆಸ್ಸಿನ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಪರದೆ ಇದೆ. ಕೈ ಅಡ್ಡ ಬಂದ ತಕ್ಷಣ ಪ್ರೆಸ್ ನಿಲ್ಲಬೇಕು. ಅವತ್ತು ನಿಂತಿತು, ಅರ್ಧ ಸೆಕೆಂಡು ತಡವಾಗಿ. "ಅವಳೇ ಅವಸರಕ್ಕೆ ಪರದೆ ಆಫ್ ಮಾಡ್ಕೊಂಡು ಕೈ ಹಾಕಿದಾಳೆ" ಎಂದರು ವೀರೇಂದ್ರ. ಎಲ್ಲರೂ ತಲೆಯಾಡಿಸಿದರು.

ಪರೀಕ್ಷಿಸಲೆಂದು ಇವರು ಕಾರ್ಡು ಬಿಚ್ಚಿ ಮನೆಗೆ ತಂದರು. ಕರೆಂಟು ಕೊಟ್ಟು ನೋಡಿ, ಭೂತಗನ್ನಡಿ ಹಿಡಿದು, ನನ್ನನ್ನು ಕೂಗಿ ಕರೆದರು.

"ಜಯಾ, ಇಲ್ಲಿ ನೋಡೇ. ವಿಭೂತಿ ತೇವ ಹೀರ್ಕೊಂಡು ಕ್ರಿಸ್ಟಲ್ ಕಾಲಿಗೆ ಅಂಟಿದೆ. ಕ್ರಿಸ್ಟಲ್ ನಿಂತೋಗಿದೆ. ಸುತ್ತು ಸೆಕೆಂಡಿಗೆ ಎರಡೇ. ಪ್ರೆಸ್ ನಿಲ್ಸು ಅಂತ ಪರದೆ ಹಾಕಿದ ಕೂಗು ತನ್ನ ಸರದಿ ಬರೋವರೆಗೆ ಕಾದಿದೆ. ನಿಧಾನ ಆಯ್ತು ಅಂತ ಹೇಳೋಕೆ ಒಂದು ಕೆಂಪು ದೀಪನೂ ಇಡ್ಲಿಲ್ಲ ನಾನು. ಆ ಹೆಣ್ಮಗಳ ಬೆರಳು ತೆಗ್ದಿದ್ದು ನಾನು ಕಣೇ."

"ನಾಳೆ ಹೋಗಿ ಹೇಳ್ತೀನಿ" ಎಂದು ಸ್ನಾನಕ್ಕೆ ಎದ್ದುಹೋದರು.

ನನಗೆ ಕಂಡದ್ದು ಪೊಲೀಸ್ ಸ್ಟೇಷನ್ನು, ಬೆಂಚಿನ ಮೇಲೆ ಕೂತ ಇವರು. ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಅವರದೇ ಸ್ಪಿರಿಟ್ ಬಾಟಲಿ, ಅವರದೇ ಹತ್ತಿ. ಕ್ರಿಸ್ಟಲ್ ಕಾಲು ಒರೆಸುವುದು ಎರಡು ನಿಮಿಷದ ಕೆಲಸ. ಹತ್ತಿಯನ್ನು ಒಲೆಗೆ ಹಾಕಿದೆ.

ಮರುದಿನ ವೀರೇಂದ್ರರ ಆಫೀಸಿನಲ್ಲಿ ಎಲ್ಲರೆದುರು ಕಾರ್ಡು ಸೆಕೆಂಡಿಗೆ ನೂರು ಸುತ್ತು ಹೊಡೆಯಿತು. "ವಯಸ್ಸಾಯ್ತು ನಿಮಗೆ, ಪಾಪ ಅಂತ ಅವಳ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಳ್ತೀರಿ" ಎಂದು ವೀರೇಂದ್ರ ಕಾಫಿ ಕುಡಿಸಿ ಕಳಿಸಿದರು. ತಪ್ಪು ಹುಲಿಗೆಮ್ಮನದೇ ಎಂದು ವರದಿ ಬರೆದು ಅವಳನ್ನು ಕೆಲಸದಿಂದ ತೆಗೆದರು. "ತೇವ ಆರಿರಬೇಕು, ಆದ್ರೆ ಬೂದಿ ಎಲ್ಲಿ ಹೋಯ್ತು?" ಎಂದು ಇವರು ಕಾರ್ಡನ್ನು ಫ್ಯಾಕ್ಟರಿಗೆ ಬಿಟ್ಟುಕೊಡದೆ ಮನೆಗೆ ತಂದು ತಿರುಗಿಸಿ ತಿರುಗಿಸಿ ನೋಡಿದರು. ಮಾರನೆಯ ಬೆಳಗ್ಗೆ ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತಿದ್ದು, ಹಾಗೇ ಗೋಡೆಯ ಮಾಡದಲ್ಲಿಟ್ಟರು. ಅಂದಿನಿಂದ ಹಣೆ ಬೋಳು.

ಗಂಡನನ್ನು ಉಳಿಸಿಕೊಂಡೆ ಎಂದುಕೊಂಡಿದ್ದೆ. ಮಣ್ಣು! ಮನೆಯಲ್ಲಿ ಉಳಿದಿದ್ದವರು ಉಣ್ಣದ, ಮಾತಾಡದ ಯಾರೋ ಒಬ್ಬರು. ನಿನ್ನೆ ತಡೆಯಲಾರದೆ ಹುಲಿಗೆಮ್ಮನ ಮನೆಗೆ ಹೋದೆ. ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ, ಹತ್ತಿಯನ್ನು ಒಲೆಗೆ ಹಾಕಿದ್ದನ್ನೂ.

ಬೈಯುತ್ತಾಳೆ ಎಂದು ಕಾದೆ. ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ಹಂಗಾದ್ರೆ ನಾನು ಪರದೆ ಆಫ್ ಮಾಡಿರ್ಲಿಲ್ಲ, ಅಲ್ವಾ ಅಮ್ಮಾ?"

"ಇಲ್ಲ ತಾಯಿ."

"ಎಲ್ರೂ ಹೇಳಿ ಹೇಳಿ, ನಾನೇ ಮಾಡಿರ್ಬೇಕು ಅಂದ್ಕೊಂಬಿಟ್ಟಿದ್ದೆ. ಮಗಳ ಹತ್ರಾನೂ ಹಂಗೇ ಹೇಳಿದೀನಿ." ಕಣ್ಣೀರು ಒರೆಸಲು ಅಭ್ಯಾಸದಂತೆ ಬಲಗೈ ಎತ್ತಿದಳು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಆಮೇಲೆ ಎದ್ದು ಒಳಗಿನಿಂದ ಮಗಳು ಇಂಪನಾಳ ನೋಟ್ ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟಳು.

"ಹೇಳಿದ್ದಷ್ಟೂ ಬರ್ದುಕೊಡಿ. ಲೇಬರ್ ಆಫೀಸಿಗೆ ಕೊಡ್ತೀನಿ. ನನ್ ಕೈಲಿ ಪೆನ್ನು ನಿಲ್ಲಲ್ಲ."

ಬರೆದೆ. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಮನೆಗೆ ಬಂದು ಅದನ್ನೇ ಇನ್ನೊಮ್ಮೆ, ಇಷ್ಟು ಉದ್ದಕ್ಕೆ, ಇವರಿಗಾಗಿ ಬರೆದಿದ್ದೇನೆ. ಊಟದ ಮೇಜಿನ ಆ ತುದಿಯಲ್ಲಿ ಕಾರ್ಡನ್ನು ಮುಂದಿಟ್ಟುಕೊಂಡು, ಇಲ್ಲದ ಬೂದಿಯನ್ನು ಇನ್ನೂ ಹುಡುಕುತ್ತಿದ್ದಾರೆ. ಈ ಸಾಲು ಮುಗಿದ ಕೂಡಲೇ ಎದ್ದುಹೋಗಿ ಅವರ ಕೈಗೆ ಕೊಡುತ್ತೇನೆ.