ಧರ್ಮಕಾಂಟಾದ ಮೇಲೆ ದೇಜಪ್ಪಣ್ಣನ ಪಿಕಪ್

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರದವರೆಗೆ ದೇಜಪ್ಪಣ್ಣನ ಗಾಡಿ ಭಂಗಾರ, ಅಂದರೆ ಗುಜರಿ, ಆಗಿತ್ತು. ಆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದು ಕ್ಲಾಸಿಕ್ ಆಯಿತು.

ಗಾಡಿಗೆ ಹೊಸದಾಗಿ ಏನೂ ಆಗಿರಲಿಲ್ಲ. ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ಯಾರದೋ ಮನೆಯ ಬಾರಸೆಗೆ, ಮಗುವಿನ ನಾಮಕರಣಕ್ಕೆಂದು, ಬಂದಿದ್ದ ಗಡ್ಡದ ತರುಣನೊಬ್ಬ ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಬಗ್ಗಿ ಎದ್ದು ಹತ್ತಾರು ಫೋಟೋ ತೆಗೆದು, “ಅಂಕಲ್, ಯೇ ತೋ ಕ್ಲಾಸಿಕ್ ಹೈ! ಇಸಕೋ ಮಾಡಿಫೈ ಕರೋ” ಎಂದು ಹೇಳಿ ಊಟಕ್ಕೆ ಹೋದ. ಅಷ್ಟೇ.

ದೇಜಪ್ಪ ಕೋಟ್ಯಾನ್ ಕಾಪು ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ಇಲ್ಲಿಗೆ ಬಂದು ಮುರಾರಿ ರಾಯರ ಶಾಕಾಹಾರಿ ಹೋಟೆಲಿನಲ್ಲಿ ಪಾತ್ರೆ ತೊಳೆದು, ಆಮೇಲೆ ಸ್ಟೀರಿಂಗ್ ಹಿಡಿದು, ಮೂವತ್ತು ವರ್ಷ ಎಂಐಡಿಸಿಯ ಕಾರ್ಖಾನೆಗಳ ಕ್ಯಾಂಟೀನುಗಳಿಗೆ ಅನ್ನ ಸಾಂಬಾರು ಸಾಗಿಸಿದರು. ಅವರು ಓಡಿಸಿದ ಪಿಕಪ್ಪಿಗೆ ಜೀಪಿನ ಮುಖ, ಹಿಂದೆ ತೆರೆದ ತೊಟ್ಟಿ, ಎಪ್ಪತ್ತೈದನೇ ಇಸವಿಯ ಮಾಡೆಲ್. ಹೋಟೆಲಿಗೆ ಹೊಸ ಟೆಂಪೋ ಬಂದಾಗ ರಾಯರು, “ದೇಜಪ್ಪಾ, ಇದನ್ನು ನೀನೇ ಇಟ್ಟುಕೋ” ಎಂದು ಹಳೆಯದನ್ನು ಇವರಿಗೇ ಬಿಟ್ಟರು. ಅದು ಪ್ರೀತಿಯೋ, ಭಂಗಾರದವನಿಗೆ ಫೋನ್ ಮಾಡುವ ಉದಾಸೀನವೋ, ಹೇಳುವುದು ಕಷ್ಟ. ಗಾಡಿಯನ್ನು ಕಾಂಪೌಂಡಿನಿಂದ ತೆಗೆಯುವಂತೆ ಸೊಸೈಟಿ ಮೂರು ನೋಟಿಸು ಕೊಟ್ಟಿತ್ತು. ಕ್ಲಾಸಿಕ್ ಎಂಬ ಮಾತು ಹಬ್ಬಿದ ಮರುದಿನ ನೋಟಿಸು ಬರೆದ ಸೆಕ್ರೆಟರಿಯೇ ಬಾನೆಟ್ಟಿಗೆ ಒರಗಿ ನಿಂತು ಸೆಲ್ಫಿ ತೆಗೆದುಕೊಂಡರು.

ದೇಜಪ್ಪಣ್ಣ ಸಾಧು ಮನುಷ್ಯ. ಇಲ್ಲ ಎನ್ನಲು ಬಾರದವರು. ಗಾಡಿಯ ಬಾಡಿ ಬದಲಿಸಬೇಕೆಂದು ಅವರಿಗೆ ಅನಿಸಿರಲಿಲ್ಲ. ಆದರೆ ಹೀಗೆ ಮಾಡಬಹುದಲ್ಲ ಎಂದು ಯಾರು ಹೇಳಿದರೂ “ಅದೂ ಹೌದು” ಎನ್ನುತ್ತಿದ್ದರು. ಅದೇ ತಪ್ಪಾಯಿತು.

ಮೊದಲು ಮಗ ಸೂರಜ್. ಐರೋಲಿಯ ಆಫೀಸಿನಲ್ಲಿ ಕೆಲಸ. ತಂದೆಯ ಕನ್ನಡ, ತುಳು ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಫೋನಿನಲ್ಲಿ ಯಾವ್ಯಾವುದೋ ದೇಶದ ಗಾಡಿಗಳನ್ನು ತೋರಿಸಿದ: ಮಡ್‌ಗಾರ್ಡ್ ಕತ್ತರಿಸಿ ಹಾಕಿದ ಅಗಲದ ಚಕ್ರ, ಮುಂದೆ ಕಬ್ಬಿಣದ ಬಂಪರು, ಮೈಯೆಲ್ಲ ಕಪ್ಪು.

“ಪಪ್ಪಾ, ಮಡ್‌ಗಾರ್ಡ್ ಕಾಟ್ ಕೇ ಚೌಡೇ ಟಾಯರ್ ಡಾಲೇಂಗೇ. ಸಾಮನೇ ಲೋಹೇ ಕಾ ಬಂಪರ್. ಪೂರಾ ಕಾಲಾ. ಏಕ್‌ದಮ್ ಡಾನ್ ಲುಕ್!”

“ಸಾಂಬಾರು ಹೊತ್ತ ಗಾಡಿಗೆ ಡಾನ್ ಲುಕ್ ಎಂತಕ್ಕೆ ಮಾರಾಯ?” ಎಂದರು ದೇಜಪ್ಪಣ್ಣ. ಫೋನನ್ನು ಇನ್ನೊಮ್ಮೆ ನೋಡಿ, “ಅದೂ ಹೌದು” ಎಂದರು.

ಮಗಳು ಪ್ರೇಕ್ಷಾ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು. ತೊಟ್ಟಿಯ ಮೇಲೆ ತಗಡಿನ ಕೋಣೆ ಎಬ್ಬಿಸಿ, ಪಕ್ಕದಲ್ಲಿ ಕಿಟಕಿ ಕತ್ತರಿಸಿ, ಖಾರಘರ್‌ನಲ್ಲಿ ನಿಲ್ಲಿಸಿ ನೀರ್‌ದೋಸೆ ಮಾರುವುದು ಅವಳ ಯೋಜನೆ. ಒಲೆ, ಕಾವಲಿ, ಸಿಂಕು ಎಲ್ಲವನ್ನೂ ಅವಳು ಆಗಲೇ ಗೆಳತಿಯೊಬ್ಬಳಿಂದ ತಂದಿಟ್ಟಿದ್ದಳು.

ಮೂರನೆಯದು ನಮ್ಮ ಕನ್ನಡ ಸಂಘ. ಅದರ ಸಹಕಾರ್ಯದರ್ಶಿ ನಾನು, ಆದ್ದರಿಂದ ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಧ್ಯಕ್ಷ ಅನಿಲಕುಮಾರರು ಫ್ಲ್ಯಾಟು ಮಾರುವ ದಲ್ಲಾಳಿ. ಕಟ್ಟದ ಕಟ್ಟಡವನ್ನು ಕಣ್ಣ ಮುಂದೆ ನಿಲ್ಲಿಸುವ ಶಕ್ತಿ ಅವರ ನಾಲಿಗೆಗೆ ಇದೆ. ರಾಜ್ಯೋತ್ಸವದ ಮೆರವಣಿಗೆಗೆ ಈ ಪಿಕಪ್ಪನ್ನೇ ಭುವನೇಶ್ವರಿಯ ಶಾಶ್ವತ ರಥ ಮಾಡಬೇಕೆಂದು ಅವರು ಸಾರಿದರು. ತೊಟ್ಟಿಯ ಗೋಡೆ ಕಿತ್ತು ಪೀಠ, ಮೇಲೆ ಕಬ್ಬಿಣದ ಕಮಾನು, ಕಮಾನಿನ ತುಂಬ ದಾನಿಗಳ ಹೆಸರು. ಸಭೆ ದೇಜಪ್ಪಣ್ಣನ ಮನೆಯಲ್ಲೇ ನಡೆಯಿತು. ಚಹಾ ಚೆನ್ನಾಗಿತ್ತು.

“ಗಾಡಿಯ ಆಕಾರ ಬದಲಿಸಿದ್ರೆ ಆರ್‌ಟಿಓ ಪರವಾನಗಿ ಬೇಕಲ್ವಾ?” ಎಂದು ದೇಜಪ್ಪಣ್ಣ ಕೇಳಿದರು.

“ಸಂಘದ ಲೆಟರ್‌ಹೆಡ್ ಇದೆಯಲ್ಲ!” ಎಂದರು ಅಧ್ಯಕ್ಷರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಏಪ್ರಿಲ್‌ನಲ್ಲಿ ಗಾಡಿ ಉಲ್ಹಾಸನಗರಕ್ಕೆ ಹೋಯಿತು. ಅಲ್ಲಿ ಟ್ರಕ್ಕುಗಳಿಗೆ ಬಾಡಿ ಕಟ್ಟುವ ಹೋತಚಂದ್ ಎಂಬ ಮುದುಕ ಮಿಸ್ತ್ರಿ ಇದ್ದಾನೆ. ಕಾಗದದ ಮೇಲೆ ನಕ್ಷೆ ಬರೆಯುವ ಅಭ್ಯಾಸ ಅವನಿಗಿಲ್ಲ. ಎಲ್ಲಿ ಕತ್ತರಿಸಬೇಕೋ ಅಲ್ಲಿಯೇ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾನೆ. ಸೂರಜ್ ಹೇಳಿದ್ದಕ್ಕೆ ಬಿಳಿ, ಪ್ರೇಕ್ಷಾಳದ್ದಕ್ಕೆ ಗುಲಾಬಿ, ಸಂಘದ್ದಕ್ಕೆ ಹಳದಿ. ಅರ್ಧ ಗಂಟೆಯಲ್ಲಿ ಪಿಕಪ್ಪಿನ ಮೈಮೇಲೆ ಕುಂಟೆಬಿಲ್ಲೆಯ ಅಂಕಣಗಳಂತೆ ಗೆರೆ ತುಂಬಿತು. ಮಿಸ್ತ್ರಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ.

“ಕೋಟ್ಯಾನ್ ಸಾಬ್, ಎಲ್ಲ ಗೆರೆಗಳ ಮೇಲೂ ಕತ್ತರಿಸುತ್ತೇನೆ, ನನಗೇನೂ ತೊಂದರೆಯಿಲ್ಲ” ಎಂದ ಹಿಂದಿಯಲ್ಲಿ. “ಆದರೆ ಕೊನೆಗೆ ನಿಮ್ಮ ಪಾಲಿಗೆ ಹಾರ್ನ್ ಒಂದೇ ಉಳಿಯುತ್ತದೆ.”

ಆಮೇಲೆ ನೆಲಕ್ಕೆ ಕೂತು ಅಡಿಯ ಪಟ್ಟಿ ಸ್ಪ್ರಿಂಗುಗಳನ್ನು ಕೈಯಿಂದ ಮುಟ್ಟಿದ. ಐವತ್ತು ವರ್ಷದ ಉಕ್ಕು. ಎಷ್ಟು ಹೊರುತ್ತದೋ ಹೇಳಲಾಗದು. ಹಾಕಬೇಕಾದ ಸಾಮಾನೆಲ್ಲ ಹೇರಿಕೊಂಡು ಧರ್ಮಕಾಂಟಾಕ್ಕೆ, ಅಂದರೆ ಲಾರಿ ತೂಗುವ ಕಾಂಟಾಕ್ಕೆ, ಹೋಗಿ ಚೀಟಿ ತನ್ನಿ, ಆಮೇಲೆ ಗ್ಯಾಸ್ ಕಟರ್ ಹಚ್ಚುತ್ತೇನೆ ಎಂದ.

ಸಾಮಾನು ಸಿದ್ಧವಿತ್ತು. ಸೂರಜ್ ಬಂಪರು, ಅಗಲದ ಚಕ್ರಗಳನ್ನು ಕುರ್ಲಾದಿಂದ ತಂದಾಗಿತ್ತು. ಅನಿಲಕುಮಾರರು ಕಮಾನನ್ನೂ ಮಾಡಿಸಿಬಿಟ್ಟಿದ್ದರು. ದಾನಿಗಳ ಉತ್ಸಾಹ ಆರುವ ಮೊದಲೇ ಹೆಸರು ಕೆತ್ತಿಸಬೇಕಂತೆ. ಮುಂದಿನ ಸೋಮವಾರ ಎಲ್ಲವನ್ನೂ ಹೇರಿ ಅಂಬರನಾಥದ ಕಡೆ ಹೊರಟೆವು. ದೇಜಪ್ಪಣ್ಣನ ಹೆಂಡತಿ ಲೋಲಾಕ್ಷಿ ಅಕ್ಕನೂ ಬಂದರು. ಸೋಮವಾರವಲ್ಲವೇ, ದಾರಿಯಲ್ಲೇ ಶಿವನ ಗುಡಿಯೂ ಆಗುತ್ತದೆ ಎಂದು. ಗಂಡ ಹೆಂಡತಿ ಗಾಡಿಯ ಮುಂದಿನ ಸೀಟಿನಲ್ಲಿ, ನಾವು ಮಿಕ್ಕವರು ರಿಕ್ಷಾದಲ್ಲಿ. ಅನಿಲಕುಮಾರರು ಮಾತ್ರ ಕಮಾನು ಬೀಳದಂತೆ ತೊಟ್ಟಿಯಲ್ಲೇ ಅದನ್ನು ಅಪ್ಪಿಕೊಂಡು ನಿಂತಿದ್ದರು.

ಗಾಡಿ ಕಾಂಟಾದ ಕಬ್ಬಿಣದ ಹಾಸಿನ ಮೇಲೆ ಏರಿದಾಗ ಹಿಂಭಾಗ ಎಷ್ಟು ಕುಸಿದಿತ್ತೆಂದರೆ ಮಡ್‌ಗಾರ್ಡು ಚಕ್ರಕ್ಕೆ ಉಜ್ಜುತ್ತಿತ್ತು. ತೂಕದ ಕೋಣೆಯಲ್ಲಿ ಕೂತಿದ್ದವರು ಕಲಬುರಗಿ ಕಡೆಯ ಚಂದ್ರಬಾಯಿ. ಕಿಟಕಿಯಿಂದ ತಲೆ ಹೊರಹಾಕಿದರು.

“ಏನ್ರೀ ಇದು, ಗಾಡಿನೋ, ಮದುವಿ ದಿಬ್ಬಣನೋ? ಕಮಾನು ಹಿಡ್ಕೊಂಡ್ ನಿಂತವ್ರೂ ಸಾಮಾನಿನ ತೂಕದಾಗ ಬರ್ತಾರೇನು? ಇಳೀರಿ ಕೆಳಗ!”

ಅಧ್ಯಕ್ಷರು ಇಳಿದರು. ಗಾಡಿ ಹಗುರಾಗಿ ನಿಟ್ಟುಸಿರು ಬಿಟ್ಟಂತೆ ಕಿರುಗುಟ್ಟಿತು.

ಒಂದೊಂದನ್ನೇ ಇಳಿಸಿ ಚೀಟಿ ತೆಗೆದೆವು. ಚಕ್ರ, ಬಂಪರು: ಇನ್ನೂರ ಇಪ್ಪತ್ತು ಕಿಲೋ. ಒಲೆ, ಕಾವಲಿ, ಸಿಂಕು, ಎರಡು ಸಿಲಿಂಡರು: ನೂರಾ ನಲವತ್ತು. ದೇವಿಯ ಪೀಠ ಇಪ್ಪತ್ತು ಕಿಲೋ, ದಾನಿಗಳ ಕಮಾನು ನೂರಾ ತೊಂಬತ್ತು.

“ತೂಕ ಕಡಿಮೆ ಮಾಡಬೇಕಾಗ್ತದೆ” ಎಂದರು ದೇಜಪ್ಪಣ್ಣ, ತಗ್ಗಿದ ದನಿಯಲ್ಲಿ.

“ಖಂಡಿತ” ಎಂದರು ಅನಿಲಕುಮಾರರು. “ಪೀಠವನ್ನು ಥರ್ಮಾಕೋಲಿನಲ್ಲಿ ಮಾಡಿಸೋಣ.”

ಸೂರಜ್ ಕಾವಲಿ ಬೇಡ ಎಂದ. ಪ್ರೇಕ್ಷಾ ಬಂಪರು ಬೇಡ ಎಂದಳು. ಮಾತು ಏರಿತು. ಹಿಂದೆ ಸಿಮೆಂಟಿನ ಲಾರಿಗಳು ಸಾಲಾಗಿ ಹಾರ್ನ್ ಹೊಡೆಯತೊಡಗಿದವು. ಕೊನೆಗೆ ಗಾಡಿಯನ್ನು ಪೂರಾ ಬರಿದು ಮಾಡಿ ತೂಗಬೇಕು, ಒಳಗಿದ್ದವರೂ ಇಳಿಯಲಿ ಎಂದು ಚಂದ್ರಬಾಯಿ ಕೂಗಿದರು. ದೇಜಪ್ಪಣ್ಣ ಇಳಿದರು. ಅವರ ಹಿಂದೆ, ಅದೇ ಬಾಗಿಲಿನಿಂದ, ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಗೇರಿನ ಕೋಲು ದಾಟಿ, ಸ್ಟೀರಿಂಗಿನ ಅಡಿ ನುಸುಳಿ ಲೋಲಾಕ್ಷಿ ಅಕ್ಕ ಇಳಿದರು. ಅರವತ್ತರ ಹೆಂಗಸು, ಮೊಣಕಾಲು ನೀವಿಕೊಂಡರು.

ಚಂದ್ರಬಾಯಿ ಚೀಟಿ ಕೈಯಲ್ಲೇ ಹಿಡಿದು ನೋಡುತ್ತಿದ್ದರು. “ಅಕ್ಕಾರ, ಆ ಕಡಿ ಬಾಗಲಾ ಇಲ್ಲೇನ್ರಿ?”

“ಉಂಟು. ಹಗ್ಗ ಹಾಕಿ ಕಟ್ಟಿದ್ದು. ಆ ದೊಡ್ಡ ಮಳೆಗೆ ನೀರು ನುಗ್ಗಿತಲ್ಲ, ಆವತ್ತಿನಿಂದ ಬಿಜಾಗರಿ ಹೋಗಿದೆ.”

“ಇಪ್ಪತ್ತು ವರ್ಷ ಆತಲ್ರೀ! ಮತ್ತ ಈಗ ಇಷ್ಟೆಲ್ಲಾ ಮಾಡಸಾಕತ್ತಾರ, ನಿಮಗೇನು ಬೇಕಂತ ಕೇಳಿದ್ರೇನು?”

ಲೋಲಾಕ್ಷಿ ಅಕ್ಕ ನಕ್ಕರು. “ಸಭೆಯಲ್ಲಿ ಕೇಳಿದ್ರೋ ಏನೋ. ನಾನು ಒಳಗೆ ಚಹಾ ಮಾಡ್ತಾ ಇದ್ದೆ.”

ದೇಜಪ್ಪಣ್ಣ ಹೆಂಡತಿಯ ಮೊಣಕಾಲನ್ನು ನೋಡಿದರು, ಹಗ್ಗವನ್ನು ನೋಡಿದರು. ಆ ಹಗ್ಗವನ್ನು ವರ್ಷಕ್ಕೊಮ್ಮೆ ಅವರೇ ಹೊಸದಾಗಿ, ಬಿಗಿಯಾಗಿ, ಅಭಿಮಾನದಿಂದ ಕಟ್ಟುತ್ತಿದ್ದರಂತೆ. “ಅವಳಿಗೆ ಅಭ್ಯಾಸ ಆಗಿದೆ ಅಂತ ಗ್ರಹಿಸಿದ್ದೆ ಮಾರಾಯ್ರೆ” ಎಂದು ಆಮೇಲೊಮ್ಮೆ ನನ್ನಲ್ಲಿ ಹೇಳಿದರು. “ಒಂದು ಮಾತು ಹೇಳಬಹುದಿತ್ತಲ್ಲ ಅವಳು? ಹೇಳಿದ್ರೂ ನಾನು ‘ಅದೂ ಹೌದು’ ಅಂತಿದ್ದೆನೋ ಏನೋ.”

ಅವತ್ತು ಅವರು ಗುಡಿಗೆ ಹೋಗಿ ಬಂದು, ಗಾಡಿಯನ್ನು ನೇರ ಹೋತಚಂದನ ಶೆಡ್ಡಿಗೆ ಒಯ್ದು, ಒದ್ದೆ ಬಟ್ಟೆಯಿಂದ ಬಿಳಿ, ಗುಲಾಬಿ, ಹಳದಿ ಎಲ್ಲವನ್ನೂ ಒರೆಸಿದರು. ಸೂರಜ್ “ಪಪ್ಪಾ, ಕ್ಯಾ ಕರ್ ರಹೇ ಹೋ?” ಎನ್ನುತ್ತಿದ್ದ. ಮಿಸ್ತ್ರಿಯ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಎಡಗಡೆಯ ಬಾಗಿಲಿನ ಸುತ್ತ ತಾವೇ ಒಂದು ಗೆರೆ ಎಳೆದರು. ಗೆರೆ ಸೊಟ್ಟಗಾಯಿತು.

“ಬಸ್? ಇತನಾ ಹೀ?” ಎಂದ ಹೋತಚಂದ್.

“ಇಷ್ಟೇ” ಎಂದರು. ಮೂವತ್ತು ವರ್ಷದ ಪರಿಚಯದಲ್ಲಿ ಅವರು ‘ಇಷ್ಟೇ’ ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಸೂರಜ್ ಮೂರು ದಿನ ಮಾತು ಬಿಟ್ಟ. ಬಳಿಕ ಚಕ್ರಗಳನ್ನು ಆನ್‌ಲೈನಿನಲ್ಲಿ ಮಾರಿದ. ಪ್ರೇಕ್ಷಾ ಮುರಾರಿ ರಾಯರ ಹೋಟೆಲಿನ ಜಗಲಿಯಲ್ಲೇ ಬೆಳಗಿನ ಹೊತ್ತು ನೀರ್‌ದೋಸೆ ಹಾಕುತ್ತಾಳೆ, ಚೆನ್ನಾಗಿ ಹೋಗುತ್ತಿದೆ. ಸಂಘ ದೇಜಪ್ಪಣ್ಣನ ಮೇಲೆ ಖಂಡನಾ ನಿರ್ಣಯ ಪಾಸು ಮಾಡಿತು. ಲೆಟರ್‌ಹೆಡ್ಡಿನ ಮೇಲೆ ಅದನ್ನು ಬರೆದವನು ನಾನೇ. ನವೆಂಬರಿನ ಮೆರವಣಿಗೆಗೆ ಬಾಡಿಗೆ ಟ್ರಕ್ಕು ತಂದು ಕಮಾನು ನಿಲ್ಲಿಸಿದೆವು. ಎರಡನೇ ತಿರುವಿನಲ್ಲೇ ಅದು ಕೇಬಲ್ ತಂತಿಗಳಿಗೆ ಸಿಕ್ಕಿಕೊಂಡಿತು. ಡ್ರೈವರನಿಗೆ ತಿಳಿಯಲಿಲ್ಲ. ದೇವಿ ಮುಂದೆ ಹೋದಳು. ದಾನಿಗಳು ತಂತಿಯಲ್ಲೇ ಉಳಿದರು.

ಬಾಗಿಲು ಮಾತ್ರ ಸೊಗಸಾಗಿ ಬಂತು. ಒಂದೇ ಕೊರತೆ. ಹಳೆಯ ಮಾಡೆಲಿನ ಒಳಹಿಡಿ ಎಲ್ಲೂ ಸಿಗದೆ, ಅದು ಹೊರಗಿನಿಂದ ಮಾತ್ರ ತೆರೆಯುತ್ತದೆ. ಹಾಗಾಗಿ ಗಾಡಿ ನಿಂತಲ್ಲೆಲ್ಲ ದೇಜಪ್ಪಣ್ಣ ಇಳಿದು, ಸುತ್ತು ಬಂದು, ಬಾಗಿಲು ತೆರೆದು ನಿಲ್ಲಬೇಕು. ಲೋಲಾಕ್ಷಿ ಅಕ್ಕ ನೆರಿಗೆ ಸರಿಮಾಡಿಕೊಂಡು, ಅವಸರವಿಲ್ಲದೆ ಇಳಿಯುತ್ತಾರೆ. ಸೊಸೈಟಿಯ ಹೆಂಗಸರು ಬಾಲ್ಕನಿಗೆ ಬಂದು ನೋಡುತ್ತಾರೆ. ಗಂಡಸರು ಅಷ್ಟಾಗಿ ನೋಡುವುದಿಲ್ಲ.

ಮೊನ್ನೆ ಹೋತಚಂದ್ ಫೋನ್ ಮಾಡಿದ್ದ. ಮುಂಬ್ರಾದಲ್ಲಿ ಹಳೆಯದೊಂದು ಒಳಹಿಡಿ ಸಿಕ್ಕಿದೆ, ಗಾಡಿ ತನ್ನಿ, ಹತ್ತು ನಿಮಿಷದ ಕೆಲಸ ಎಂದ. ದೇಜಪ್ಪಣ್ಣ ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯನ್ನು ಕೇಳಿದರು.

“ಎಂತ ಅವಸರ ಈಗ?” ಎಂದರು ಲೋಲಾಕ್ಷಿ ಅಕ್ಕ. “ಮಳೆಗಾಲ ಕಳೀಲಿ ಅಂತ ಹೇಳಿ.”